ಜೊತೆಗೆ ಯಾರೂ ಬರದ ರೋಗಿ

ಸಂಪಾದಕರಿಗೆ ನಮಸ್ಕಾರಗಳು.

ಬಸ್ ನಿಲ್ದಾಣದಲ್ಲೋ ಸಂತೆಕಟ್ಟೆಯ ಮೇಲೋ ವರ್ಷಗಟ್ಟಲೆ ಕಾಣುತ್ತಿದ್ದ ಒಬ್ಬರನ್ನು ಊರಿನ ಯುವಕರು ಸೇರಿ ಸ್ನಾನ ಮಾಡಿಸಿ, ಜಡೆಗಟ್ಟಿದ ಕೂದಲು ಕತ್ತರಿಸಿ, ಹೊಸ ಅಂಗಿ ತೊಡಿಸಿ ಆಸ್ಪತ್ರೆಗೆ ಸೇರಿಸಿದರು ಎಂಬ ಸುದ್ದಿ ಜಿಲ್ಲಾ ಪುಟಗಳಲ್ಲಿ ಆಗಾಗ ಬರುತ್ತದೆ. ಮೊದಲಿನದೊಂದು, ಆಮೇಲಿನದೊಂದು ಎಂದು ಎರಡು ಚಿತ್ರಗಳೂ ಇರುತ್ತವೆ. ಆ ಯುವಕರ ಕಾಳಜಿ ದೊಡ್ಡದು. ಆದರೆ ಸುದ್ದಿ ಆಸ್ಪತ್ರೆಯ ಬಾಗಿಲಲ್ಲೇ ಮುಗಿಯುತ್ತದೆ. ನಾಲ್ಕು ದಿನ ಕಳೆದು ಅದೇ ವ್ಯಕ್ತಿ ಅದೇ ಕಟ್ಟೆಯ ಮೇಲೆ ಕಂಡರೆ, ‘ಅವನಿಗೆ ಬೀದಿಯೇ ಹಿತ’ ಎಂದು ಊರು ತೀರ್ಮಾನಿಸಿಬಿಡುತ್ತದೆ. ಎಷ್ಟೋ ಸಲ ನಡೆದಿರುವುದು ಬೇರೆಯೇ. ಕ್ಯಾಶುವಾಲ್ಟಿಯ ಮೇಜಿನಲ್ಲಿ ಕೇಳಿದ ಒಂದು ಪ್ರಶ್ನೆಗೆ ಉತ್ತರ ಕೊಡುವವರು ಯಾರೂ ಇರಲಿಲ್ಲ: ‘ಜೊತೆಗೆ ಯಾರು ಬಂದಿದ್ದೀರಿ?’

ನಮ್ಮ ಸರ್ಕಾರಿ ಆಸ್ಪತ್ರೆಗಳ ದಿನಚರಿ ನಡೆಯುವುದೇ ರೋಗಿಯ ಅಟೆಂಡರ್, ಅಂದರೆ ಜೊತೆಗೆ ಬಂದವರ ಕಾಲಿನ ಮೇಲೆ. ಚೀಟಿ ಮಾಡಿಸುವುದು, ರಕ್ತದ ಸೀಸೆ ಲ್ಯಾಬಿಗೆ ತಲುಪಿಸುವುದು, ಗಾಲಿಕುರ್ಚಿ ತಳ್ಳುವುದು, ಎಕ್ಸ್‌ರೇ ಕೋಣೆಯ ಮುಂದೆ ಕಾಯುವುದು, ಊಟದ ತಟ್ಟೆ ತರುವುದು, ರಾತ್ರಿ ಡ್ರಿಪ್ ಮುಗಿದಾಗ ಸಿಸ್ಟರನ್ನು ಎಬ್ಬಿಸುವುದು, ಬೇಕಾದಲ್ಲಿ ಸಹಿ ಹಾಕುವುದು, ಇವೆಲ್ಲ ಮನೆಯವರ ಪಾಲಿನ ಕೆಲಸ ಎಂದು ವ್ಯವಸ್ಥೆ ಲೆಕ್ಕ ಹಾಕಿಕೊಂಡಿದೆ. 30 ಹಾಸಿಗೆಯ ವಾರ್ಡಿಗೆ ರಾತ್ರಿ ಪಾಳಿಯಲ್ಲಿ ಒಬ್ಬರೋ ಇಬ್ಬರೋ ಶುಶ್ರೂಷಾ ಅಧಿಕಾರಿಗಳಿದ್ದಾಗ ಇದಕ್ಕಿಂತ ಬೇರೆ ದಾರಿ ಅವರಿಗೂ ಕಾಣುವುದಿಲ್ಲ. ಮನೆಯಿಲ್ಲದ, ಮನೋರೋಗವಿರುವ, ತನ್ನ ಹೆಸರನ್ನೂ ಹೇಳದ ವ್ಯಕ್ತಿ ಅಲ್ಲಿಗೆ ಬಂದರೆ ಆ ಲೆಕ್ಕ ತಪ್ಪುತ್ತದೆ. ವೈದ್ಯರು ಕೆಟ್ಟವರೆಂದಲ್ಲ, ಔಷಧ ಇಲ್ಲವೆಂದೂ ಅಲ್ಲ. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂರುವವರು ಇಲ್ಲ ಎಂಬ ಕಾರಣಕ್ಕೇ ಚಿಕಿತ್ಸೆ ಕೈತಪ್ಪುತ್ತದೆ. ಆ ಸ್ಟೂಲಿನ ಮೇಲೆ ಕೂರುವವರನ್ನು ಸರ್ಕಾರವೇ ಸಂಬಳ ಕೊಟ್ಟು ನೇಮಿಸಬೇಕು ಎಂಬುದು ಈ ಪತ್ರದ ಬೇಡಿಕೆ.

ಇದು ಹೊಸ ಹಕ್ಕನ್ನು ಕೇಳುವ ಮಾತಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ನಿರ್ಗತಿಕರು ಮತ್ತು ಮನೆಯಿಲ್ಲದವರಿಗೆ ಸರ್ಕಾರಿ ಹಾಗೂ ಸರ್ಕಾರದ ನೆರವು ಪಡೆಯುವ ಮನೋಚಿಕಿತ್ಸಾ ಕೇಂದ್ರಗಳಲ್ಲಿ ಎಲ್ಲ ಚಿಕಿತ್ಸೆಯೂ ಉಚಿತ. ಬಿಪಿಎಲ್ ಕಾರ್ಡು ಇದೆಯೇ ಎಂದು ಕೇಳುವಂತಿಲ್ಲ ಎನ್ನುತ್ತದೆ 18ನೇ ಸೆಕ್ಷನ್. 100ನೇ ಸೆಕ್ಷನ್ ಪೊಲೀಸರಿಗೆ ಸಂಬಂಧಿಸಿದ್ದು. ಠಾಣೆಯ ಸರಹದ್ದಿನಲ್ಲಿ ಅಲೆಯುತ್ತಿರುವ ವ್ಯಕ್ತಿಗೆ ಮನೋರೋಗವಿದೆ, ತನ್ನನ್ನು ತಾನು ನೋಡಿಕೊಳ್ಳುವ ಸ್ಥಿತಿಯಲ್ಲಿಲ್ಲ ಎಂದು ನಂಬಲು ಕಾರಣವಿದ್ದರೆ ಠಾಣಾಧಿಕಾರಿ ಅವರನ್ನು ರಕ್ಷಣೆಗೆ ಪಡೆಯಬೇಕು. ಏಕೆಂದು ಅವರಿಗೆ ತಿಳಿಸಬೇಕು. ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆತರಬೇಕು. ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಯಾವ ಕಾರಣಕ್ಕೂ ಇಡುವಂತಿಲ್ಲ. ಕಾಣೆಯಾದವರ ಬಗ್ಗೆ ದಾಖಲಿಸುವಂತೆ ಎಫ್‌ಐಆರ್ ದಾಖಲಿಸಬೇಕು. ಕುಟುಂಬವನ್ನು ಹುಡುಕುವುದು ಠಾಣಾಧಿಕಾರಿಯ ಕರ್ತವ್ಯ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳು ಬಹಳ ಸಮಯ ತಿನ್ನುತ್ತವೆ. ಮೊದಲನೆಯದು, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಆಸ್ಪತ್ರೆಗೆ ಸೇರಿಸಲಾಗದು ಎಂಬುದು. ಅದು 1987ರ ಹಳೆಯ ಕಾಯ್ದೆಯ ಕಾಲದ ನೆನಪು. ಈಗಲೂ ಮ್ಯಾಜಿಸ್ಟ್ರೇಟರ ಮುಂದೆ ಹಾಜರಾದ ವ್ಯಕ್ತಿಯನ್ನು ಆಸ್ಪತ್ರೆಗೆ ಕಳಿಸುವ ಅವಕಾಶ 102ನೇ ಸೆಕ್ಷನ್‌ನಲ್ಲಿದೆ, ಆದರೆ ಪೊಲೀಸರು ನೇರವಾಗಿ ಕರೆತರಲು ಅದು ಬೇಕಿಲ್ಲ. ಎರಡನೆಯದು, ಇಂಥವರನ್ನು ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆಗಳಿಗೆ ಮಾತ್ರ ಒಯ್ಯಬೇಕು ಎಂಬುದು. ಕಾಯ್ದೆ ಹೇಳುವುದು ಹತ್ತಿರದ ಸರ್ಕಾರಿ ಆಸ್ಪತ್ರೆ ಎಂದು. ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿ.ಮೀ. ಊಟ ನೀರಿಲ್ಲದೆ ಬತ್ತಿದ ದೇಹವನ್ನು ಜೀಪಿನಲ್ಲಿ ಅಷ್ಟು ದೂರ ಒಯ್ಯುವುದೇ ಅಪಾಯ. ಜೊತೆಗೆ ಕುಟುಂಬದ ಸುಳಿವು ಸಿಗಬಹುದಾದ ಜಾಗದಿಂದ ಆ ವ್ಯಕ್ತಿಯನ್ನು ಇನ್ನಷ್ಟು ದೂರ ಮಾಡಿದಂತೆ. ‘ನಮ್ಮ ಲಿಮಿಟ್ ಅಲ್ಲ’ ಎಂಬ ಮಾತಂತೂ ರೈಲು ನಿಲ್ದಾಣದ ಗೇಟಿನ ಆಚೆ ಈಚೆ ದಿನನಿತ್ಯ ಕೇಳುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಮಲಗಿದ್ದರೆ ರೈಲ್ವೆ ಪೊಲೀಸರದು, ಮೆಟ್ಟಿಲಿಳಿದರೆ ಪಟ್ಟಣ ಠಾಣೆಯದು. 108ಕ್ಕೆ ಕರೆ ಮಾಡಿದರೆ ಪೊಲೀಸರು ಬರಲಿ ಎನ್ನುತ್ತಾರೆ, ಪೊಲೀಸರಿಗೆ ಹೇಳಿದರೆ 108 ಕರೆಯಿರಿ ಎನ್ನುತ್ತಾರೆ. ಒಬ್ಬ ಪೇದೆ ಮತ್ತು ಆಂಬುಲೆನ್ಸ್ ಒಟ್ಟಿಗೆ ಬರಬೇಕು, ರೋಗಿ ಮಹಿಳೆಯಾದರೆ ಮಹಿಳಾ ಪೇದೆಯೇ ಇರಬೇಕು ಎಂದು ಜಿಲ್ಲಾ ಎಸ್‌ಪಿ ಮತ್ತು ಜಿಲ್ಲಾ ಆರೋಗ್ಯಾಧಿಕಾರಿ ಜಂಟಿಯಾಗಿ ಒಂದು ಪುಟದ ಸುತ್ತೋಲೆ ಹೊರಡಿಸಿದರೆ ಈ ಹಗ್ಗಜಗ್ಗಾಟ ಅರ್ಧ ನಿಲ್ಲುತ್ತದೆ.

ಆಸ್ಪತ್ರೆಗೆ ಬಂದ ಮೇಲೆ ಆಗುವ ಮೊದಲ ತಪ್ಪು, ರೋಗಿಯನ್ನು ನೋಡಿದ ಕೂಡಲೇ ‘ಸೈಕಿಯಾಟ್ರಿ’ ಎಂದು ಚೀಟಿ ಬರೆದು ಕಳಿಸುವುದು. ಬೀದಿಯಲ್ಲಿ ಬದುಕಿದ ದೇಹದಲ್ಲಿ ಮನೋರೋಗದ ಜೊತೆಗೆ ಇನ್ನೂ ನಾಲ್ಕಾರು ಕಾಯಿಲೆ ಇರುತ್ತವೆ, ಜೀವ ತೆಗೆಯುವುದು ಹೆಚ್ಚಾಗಿ ಅವೇ. ಅಸಂಬದ್ಧವಾಗಿ ಮಾತಾಡುವುದು, ಕೂಗಾಡುವುದು, ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುವುದು ಸ್ಕಿಜೋಫ್ರೇನಿಯಾ ಎಂಬ ಮನೋರೋಗದಿಂದ ಆಗಬಹುದು. ಸಕ್ಕರೆ ಕುಸಿದದ್ದು, ಸೋಡಿಯಂ ಇಳಿದದ್ದು, ಮಿದುಳಿಗೆ ಸೋಂಕು, ತಲೆಗೆ ಬಿದ್ದ ಹಳೆಯ ಪೆಟ್ಟಿನಿಂದ ಕಪಾಲದೊಳಗೆ ಹೆಪ್ಪುಗಟ್ಟಿದ ರಕ್ತ, ಮದ್ಯ ಸಿಗದೆ ಬಂದ ಸನ್ನಿಯಿಂದಲೂ ಆಗಬಹುದು. ಬೆಳಿಗ್ಗೆ ಸರಿಯಾಗಿದ್ದು ಸಂಜೆ ಗಲಿಬಿಲಿಗೊಂಡರೆ, ಎಚ್ಚರದ ಮಟ್ಟವೇ ಏರಿಳಿದರೆ, ಹಗಲೋ ರಾತ್ರಿಯೋ ತಿಳಿಯದಿದ್ದರೆ ಅದು ದೇಹದ ಕಾಯಿಲೆಯ ಲಕ್ಷಣವೆಂದೇ ಹಿಡಿದು ಹುಡುಕಬೇಕು. ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಸಕ್ಕರೆ ನೋಡಲು ಒಂದು ನಿಮಿಷ ಸಾಕು. ಉಷ್ಣಾಂಶ, ನಾಡಿ, ರಕ್ತದೊತ್ತಡ, ಆಮ್ಲಜನಕದ ಪ್ರಮಾಣ ಅಲ್ಲೇ ಸಿಗುತ್ತವೆ. ಹಿಮೋಗ್ಲೋಬಿನ್, ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಲಿವರ್, ಥೈರಾಯ್ಡ್, ಎಚ್‌ಐವಿ, ವಿಡಿಆರ್‌ಎಲ್ (ಸಿಫಿಲಿಸ್ ಪರೀಕ್ಷೆ), ಎದೆಯ ಎಕ್ಸ್‌ರೇ, ಇಸಿಜಿ, ಕಫ ಪರೀಕ್ಷೆ, ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಗರ್ಭ ಪರೀಕ್ಷೆ ಮೊದಲ ಎರಡು ದಿನದಲ್ಲಿ ಆಗಬೇಕು. ತಲೆಯ ಮೇಲೆ ಗಾಯದ ಗುರುತಿದ್ದರೆ ಸಿಟಿ ಸ್ಕ್ಯಾನ್ ಕೂಡ.

ಇವುಗಳಲ್ಲಿ ಅರ್ಧ ಏಕೆ ಆಗುವುದಿಲ್ಲ? ಸ್ಕ್ಯಾನ್ ಕೋಣೆಗೆ ಕರೆದೊಯ್ಯುವವರಿಲ್ಲ. ಮೊದಲ ದಿನ ತೆಗೆದ ರಕ್ತದ ವರದಿಯನ್ನು ಲ್ಯಾಬಿನಿಂದ ತರುವವರಿಲ್ಲ. ಇನ್ನೊಂದು ತೊಂದರೆ ಹೆಸರಿನದು. ಕೇಸ್ ಶೀಟಿನ ಮೇಲೆ ‘ಅಪರಿಚಿತ ಗಂಡಸು, ಸುಮಾರು 40 ವರ್ಷ’ ಎಂದು ಬರೆಯುತ್ತಾರೆ. ಅದೇ ವಾರ ಇನ್ನೊಬ್ಬ ಅಪರಿಚಿತ ಗಂಡಸು ಬಂದರೆ ಇವರ ರಕ್ತದ ವರದಿ ಅವರ ಫೈಲಿಗೆ ಸೇರುತ್ತದೆ. ಸಿಕ್ಕ ಜಾಗ, ದಿನಾಂಕ, ಕ್ರಮಸಂಖ್ಯೆ ಸೇರಿಸಿ, ‘ಅಪರಿಚಿತ 3, ಹಳೇ ಬಸ್ ನಿಲ್ದಾಣ, ಜೂನ್ 12’ ಎಂಬಂತೆ ಬರೆದು ಮಣಿಕಟ್ಟಿಗೆ ಪಟ್ಟಿ ಕಟ್ಟಿದರೆ ಈ ಅದಲುಬದಲು ಆಗುವುದಿಲ್ಲ. ಸಿಕ್ಕ ಜಾಗದ ಹೆಸರು ಮುಂದೆ ಕುಟುಂಬ ಹುಡುಕುವಾಗಲೂ ನೆರವಾಗುತ್ತದೆ.

ಊಟದ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇಲ್ಲಿ ಕರುಣೆಯೇ ಪ್ರಾಣಕ್ಕೆ ಮುಳುವಾಗಬಹುದು. ವಾರಗಟ್ಟಲೆ ಹೊಟ್ಟೆಗೆ ಸರಿಯಾಗಿ ಬೀಳದವರಿಗೆ ಮೊದಲ ದಿನವೇ ಹೊಟ್ಟೆ ತುಂಬ ಅನ್ನ, ಸಿಹಿ, ಬಾಟಲಿಗಟ್ಟಲೆ ಗ್ಲೂಕೋಸ್ ಕೊಟ್ಟರೆ ರಕ್ತದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಕ್ಕೆ ಎಳೆದುಕೊಂಡು ಹೋಗಿ ಹೃದಯದ ಬಡಿತ ಏರುಪೇರಾಗುತ್ತದೆ. ತೀರಾ ಬಡಕಲಾದವರಿಗೆ ಮೊದಲ ದಿನ ಕಿಲೋ ತೂಕಕ್ಕೆ 10 ಕಿಲೋಕ್ಯಾಲರಿಯಷ್ಟೇ, ಅಂದರೆ 40 ಕಿಲೋ ತೂಕದವರಿಗೆ 400ರಷ್ಟು, ಗಂಜಿ, ಹಾಲು, ಬಾಳೆಹಣ್ಣಿನ ರೂಪದಲ್ಲಿ ಸ್ವಲ್ಪಸ್ವಲ್ಪವೇ ಹಲವು ಸಲ ಕೊಟ್ಟು, ರಕ್ತ ಪರೀಕ್ಷೆ ನೋಡಿಕೊಂಡು ನಾಲ್ಕರಿಂದ ಏಳು ದಿನದಲ್ಲಿ ಪೂರ್ತಿ ಊಟಕ್ಕೆ ಬರಬೇಕು. ಗ್ಲೂಕೋಸ್ ಹಾಕುವ ಮುನ್ನ, ಇಲ್ಲವೇ ಅದರ ಜೊತೆಯಲ್ಲೇ, ಥಯಾಮಿನ್ (ಬಿ1 ಜೀವಸತ್ವ) ಚುಚ್ಚುಮದ್ದು ಕೊಡಬೇಕು. ಕುಡಿತದ ಹಿನ್ನೆಲೆಯವರಲ್ಲೂ ಹಸಿದವರಲ್ಲೂ ಈ ಜೀವಸತ್ವ ಬರಿದಾಗಿರುತ್ತದೆ; ಅದಿಲ್ಲದೆ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಹಾನಿಯಾಗಿ ನೆನಪೇ ಅಳಿಸಿಹೋಗಬಹುದು. ಊರಿನ ದಾರಿ ಮರೆತವರಿಗೆ ಇದ್ದ ನೆನಪೂ ಹೋದರೆ ಮನೆ ಸೇರಿಸುವುದಾದರೂ ಹೇಗೆ?

ಔಷಧದಲ್ಲೂ ಅವಸರ ಸಲ್ಲದು. ಕೂಗಾಡುವವರನ್ನು ಶಾಂತಗೊಳಿಸಲು ಹ್ಯಾಲೊಪೆರಿಡಾಲ್ 5 ಮಿ.ಗ್ರಾಂ ಜೊತೆ ಪ್ರೊಮೆಥಜಿನ್ ಸೇರಿಸಿ ಕೊಡುವುದು ನಮ್ಮ ಆಸ್ಪತ್ರೆಗಳಲ್ಲಿ ರೂಢಿ, ಒಳ್ಳೆಯ ಪದ್ಧತಿಯೇ. ಆದರೆ ಅದು ಮೈಕೈ ತುಂಬಿದವರ ಲೆಕ್ಕ. 35 ಕಿಲೋ ತೂಗುವ, ನೀರಿನಂಶ ಆರಿದ ದೇಹಕ್ಕೆ ಅರ್ಧ ಪ್ರಮಾಣದಿಂದ ಶುರುಮಾಡುವುದು ಕ್ಷೇಮ. ಹೀಗೆ ಒಣಗಿದ ದೇಹಕ್ಕೆ ಒಂದರ ಮೇಲೊಂದು ಸೂಜಿ ಚುಚ್ಚಿದಾಗ ಜ್ವರ ಏರಿ, ಮೈ ಮರದಂತೆ ಸೆಟೆದು, ಬೆವರಿಳಿಯುವ ಮಾರಕ ಸ್ಥಿತಿ ಬರಬಹುದು. ಅದನ್ನು ‘ವೈರಲ್ ಜ್ವರ’ ಎಂದು ಬಿಟ್ಟರೆ ಎರಡು ದಿನದಲ್ಲಿ ಮೂತ್ರಪಿಂಡ ಕೈಕೊಡುತ್ತದೆ. ಇನ್ನು ಮಾತೇ ಆಡದೆ, ಕಣ್ಣೂ ಮಿಟುಕಿಸದೆ, ಕೂರಿಸಿದಂತೆ ಕೂತಿರುವವರು. ಇವರನ್ನು ಮೂಗರು, ಇಲ್ಲವೇ ಹಟಮಾರಿಗಳು ಎಂದು ಬರೆದುಬಿಡುತ್ತಾರೆ. ಅದು ಕೆಟಟೋನಿಯಾ, ಅಂದರೆ ಮನೋರೋಗದಲ್ಲಿ ಮಾತು, ಚಲನೆ ಸ್ತಬ್ಧವಾಗುವ ಸ್ಥಿತಿ ಆಗಿರಬಹುದು. 1ರಿಂದ 2 ಮಿ.ಗ್ರಾಂ ಲೊರಜೆಪಾಮ್ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಕೆಲವರು ನೀರು ಕೇಳುತ್ತಾರೆ, ಹೆಸರು ಹೇಳುತ್ತಾರೆ. ಆ ಹೊತ್ತಿನಲ್ಲಿ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುವವರು ಇರಬೇಕು. ಆಡಿದ ಎರಡು ಮಾತು ಯಾರ ಕಿವಿಗೂ ಬೀಳದೆ ಹೋದರೆ ಮತ್ತೆ ಸಿಗುವುದು ಯಾವಾಗಲೋ.

ಕ್ಷಯ ಇರುವವರದು ಇನ್ನೊಂದು ಪಾಡು. ಮನೋರೋಗ ವಾರ್ಡು ಸೋಂಕಿನ ಭಯದಿಂದ ಕ್ಷಯ ವಾರ್ಡಿಗೆ ಕಳಿಸುತ್ತದೆ, ಅವರು ಗಲಾಟೆಯ ಭಯದಿಂದ ವಾಪಸ್ ಕಳಿಸುತ್ತಾರೆ. ಕ್ಷಯದ ರಿಫಾಂಪಿಸಿನ್ ಗುಳಿಗೆ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಮುಂತಾದ ಮನೋರೋಗದ ಔಷಧಗಳ ಮಟ್ಟವನ್ನು ರಕ್ತದಲ್ಲಿ ಇಳಿಸುವುದರಿಂದ ಎರಡೂ ಚಿಕಿತ್ಸೆಯನ್ನು ಒಬ್ಬರೇ ಕಣ್ಣಿಟ್ಟು ನೋಡಬೇಕು. ಇಲ್ಲದಿದ್ದರೆ ಕ್ಷಯ ವಾಸಿಯಾಗುತ್ತಿರುವಾಗಲೇ ಮನೋರೋಗ ಮರುಕಳಿಸಿ ರೋಗಿ ಎದ್ದು ಹೊರಟುಬಿಡುತ್ತಾರೆ, ಕ್ಷಯದ ಆರು ತಿಂಗಳ ಕೋರ್ಸೂ ನಡುವೆಯೇ ನಿಲ್ಲುತ್ತದೆ.

ಇನ್ನು ಸಹಿಯ ಪ್ರಶ್ನೆ. ಅಟೆಂಡರ್ ಇಲ್ಲದಿದ್ದರೆ ದಾಖಲು ಮಾಡಬೇಡಿ ಎಂದು ಕಾಯ್ದೆ ಎಲ್ಲಿಯೂ ಹೇಳಿಲ್ಲ. ತನ್ನ ಚಿಕಿತ್ಸೆಯ ಬಗ್ಗೆ ತಾನೇ ನಿರ್ಧರಿಸುವ ಸಾಮರ್ಥ್ಯವಿರುವ ವ್ಯಕ್ತಿ 86ನೇ ಸೆಕ್ಷನ್ ಪ್ರಕಾರ ತಾನೇ ಸಹಿ ಹಾಕಿ ದಾಖಲಾಗಬಹುದು. ಬೀದಿಯಲ್ಲಿ ಇದ್ದರು ಎಂದ ಮಾತ್ರಕ್ಕೆ ಆ ಸಾಮರ್ಥ್ಯ ಇಲ್ಲ ಎಂದುಕೊಳ್ಳುವಂತಿಲ್ಲ. ಸಾಮರ್ಥ್ಯ ಆ ಹೊತ್ತಿಗೆ ಇಲ್ಲದವರನ್ನು 89ನೇ ಸೆಕ್ಷನ್ ಅಡಿ 30 ದಿನದವರೆಗೆ ದಾಖಲಿಸಬಹುದು. ಅದಕ್ಕೆ ಇಬ್ಬರ ಪ್ರತ್ಯೇಕ ತಪಾಸಣೆ ಬೇಕು, ಒಬ್ಬರು ಮನೋವೈದ್ಯರು, ಇನ್ನೊಬ್ಬರು ಮಾನಸಿಕ ಆರೋಗ್ಯ ವೃತ್ತಿಪರರು ಅಥವಾ ಬೇರೆ ವೈದ್ಯರು. ಜೊತೆಗೆ ನಾಮನಿರ್ದೇಶಿತ ಪ್ರತಿನಿಧಿಯ, ಅಂದರೆ ಕಾಯ್ದೆಯಂತೆ ರೋಗಿಯ ಪರವಾಗಿ ನಿಲ್ಲುವವರ, ಅರ್ಜಿ ಬೇಕು. ಎಲ್ಲರೂ ಎಡವುವುದು ಇಲ್ಲಿ. ಆದರೆ 14ನೇ ಸೆಕ್ಷನ್‌ನಲ್ಲೇ ಪರಿಹಾರವಿದೆ: ಯಾರೂ ಇಲ್ಲದವರಿಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿ ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರನ್ನು ಅಥವಾ ಅವರು ಗೊತ್ತುಪಡಿಸಿದವರನ್ನು ಪ್ರತಿನಿಧಿಯಾಗಿ ನೇಮಿಸಬೇಕು. ಆ ನೇಮಕ ಆಗುವವರೆಗೆ ಮನೋರೋಗಿಗಳಿಗಾಗಿ ಕೆಲಸ ಮಾಡುವ ನೋಂದಾಯಿತ ಸಂಸ್ಥೆಯ ಪ್ರತಿನಿಧಿಯೊಬ್ಬರನ್ನು ತಾತ್ಕಾಲಿಕವಾಗಿ ಆ ಸ್ಥಾನದಲ್ಲಿ ಇರಿಸಿಕೊಳ್ಳಬಹುದು. ಪ್ರತಿ ಜಿಲ್ಲೆಯಲ್ಲೂ ಆ ಅಧಿಕಾರಿಯ ಹೆಸರು, ಮೊಬೈಲ್ ಸಂಖ್ಯೆ, ರಜೆಯಲ್ಲಿದ್ದರೆ ಬದಲಿಗೆ ಯಾರು ಎಂಬುದನ್ನು ಬರೆದು ಕ್ಯಾಶುವಾಲ್ಟಿಯ ಗೋಡೆಗೆ ಅಂಟಿಸಬೇಕು. ರಾತ್ರಿ 11 ಗಂಟೆಗೆ ಪೊಲೀಸರು ರೋಗಿಯನ್ನು ತಂದಾಗ ಕರ್ತವ್ಯದಲ್ಲಿರುವ ಯುವ ವೈದ್ಯರು ಕಾಯ್ದೆಯ ಪುಸ್ತಕ ಹುಡುಕುತ್ತ ಕೂರಲಾರರು. ಆ ಹೊತ್ತಿಗೆ 94ನೇ ಸೆಕ್ಷನ್ ಇದೆ: ಪ್ರಾಣಾಪಾಯವಿದ್ದರೆ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಯವರೆಗೆ ತುರ್ತು ಚಿಕಿತ್ಸೆ ಕೊಡಬಹುದು, ಪ್ರತಿನಿಧಿ ಲಭ್ಯರಿದ್ದರೆ ಮಾತ್ರ ಅವರ ಒಪ್ಪಿಗೆ ಬೇಕು.

ಸಹಿ ಹಾಕುವವರು ಸಿಕ್ಕರು. ಸ್ಟೂಲಿನ ಮೇಲೆ ಕೂರುವವರು? ಲೆಕ್ಕ ಸರಳವಾಗಿದೆ. ದಿನಕ್ಕೆ ಮೂರು ಪಾಳಿಯಂತೆ ವಾರಕ್ಕೆ 21 ಪಾಳಿ. ವಾರದ ರಜೆ ಬಿಟ್ಟು ಒಬ್ಬರು 6 ಪಾಳಿ ಮಾಡಿದರೆ ಮೂರೂವರೆ ಜನ, ಅಂದರೆ ನಾಲ್ವರು ಬೇಕು. ಜಿಲ್ಲಾ ಆಸ್ಪತ್ರೆಯಲ್ಲಿ ಗಂಡಸರಿಗೆ ನಾಲ್ಕು, ಹೆಂಗಸರಿಗೆ ನಾಲ್ಕು ಹಾಸಿಗೆಯನ್ನು ಒಂದೊಂದು ಮೂಲೆಯಲ್ಲಿ ಮೀಸಲಿಟ್ಟರೆ ಪ್ರತಿ ಮೂಲೆಗೆ ಪಾಳಿಗೊಬ್ಬರು ಸಾಕು. ಒಟ್ಟು ಎಂಟು ಆರೈಕೆದಾರರು, ಅವರಲ್ಲಿ ನಾಲ್ವರು ಮಹಿಳೆಯರು. 31 ಜಿಲ್ಲೆಗೆ 248 ಜನ. ಇಡೀ ರಾಜ್ಯಕ್ಕೆ ಇದು ಭಾರವಾಗುವ ಸಂಖ್ಯೆಯಲ್ಲ. ಇವರಿಗೆ ನರ್ಸಿಂಗ್ ಓದು ಬೇಕಿಲ್ಲ. ಸಿಟ್ಟಿನಲ್ಲಿರುವವರೊಡನೆ ಒಂದು ತೋಳಿನಷ್ಟು ದೂರ ನಿಂತು ಮೆಲ್ಲಗೆ ಮಾತಾಡುವುದು, ಗುಳಿಗೆ ನುಂಗಿದರೋ ಕೆನ್ನೆಯೊಳಗೆ ಇಟ್ಟುಕೊಂಡರೋ ನೋಡುವುದು, ತಿಂದದ್ದು, ಕುಡಿದದ್ದು, ಮೂತ್ರ, ನಿದ್ದೆಯನ್ನು ಒಂದು ಹಾಳೆಯಲ್ಲಿ ಗುರುತಿಸುವುದು, ರೋಗಿ ಆಡಿದ ಊರು ಕೇರಿಯ ಹೆಸರುಗಳನ್ನು ಕಿವಿಗೆ ಬಿದ್ದಂತೆಯೇ ಬರೆದಿಡುವುದು, ಇಷ್ಟನ್ನು ಕಲಿಸಿದರೆ ಸಾಕು. ಹಿಂದೆ ಇದೇ ಕಾಯಿಲೆಯಿಂದ ಗುಣಮುಖರಾದವರನ್ನೂ ಈ ಕೆಲಸಕ್ಕೆ ತೆಗೆದುಕೊಳ್ಳಬೇಕು. ಹೊಸಬರ ಹೆದರಿಕೆ ಅವರಿಗೆ ಅರ್ಥವಾದಷ್ಟು ಬೇರೆಯವರಿಗೆ ಆಗದು.

ಸ್ನಾನ ಮಾಡಿಸುವ ಮುನ್ನ ಹೇಳಿ ಮಾಡಿಸಬೇಕು, ಅದೇ ಲಿಂಗದ ಇಬ್ಬರಿರಬೇಕು, ನೀರು ಬೆಚ್ಚಗಿರಬೇಕು. ಹೇನಿಗೆ 1 ಶೇಕಡ ಪರ್ಮೆಥ್ರಿನ್ ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದು ವಾರದ ಮೇಲೆ ಇನ್ನೊಮ್ಮೆ ಹಚ್ಚಿದರೆ ಹೋಗುತ್ತದೆ; ತಲೆ ಬೋಳಿಸಲೇಬೇಕೆಂದಿಲ್ಲ. ಬಲವಂತದ ತಲೆಬೋಳಿಕೆಯನ್ನು 20ನೇ ಸೆಕ್ಷನ್ ನಿಷೇಧಿಸಿದೆ. ಹೆಣ್ಣುಮಕ್ಕಳಿಗೆ ಮುಟ್ಟಿನ ಬಟ್ಟೆ ಅಥವಾ ಪ್ಯಾಡ್ ಒದಗಿಸುವುದೂ ಅಲ್ಲಿಯೇ ಬರುವ ಹಕ್ಕು. ಕಜ್ಜಿಗೆ 5 ಶೇಕಡದ ಪರ್ಮೆಥ್ರಿನ್ ಮುಲಾಮನ್ನು ಕತ್ತಿನಿಂದ ಪಾದದವರೆಗೆ, ಬೆರಳ ಸಂದಿ ಬಿಡದೆ, ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಹೊದಿಕೆಯನ್ನು ಬಿಸಿನೀರಲ್ಲಿ ಹಾಕದಿದ್ದರೆ ಮತ್ತೆ ಅದೇ. ಸರಪಳಿಯಿಂದ ಕಟ್ಟುವುದು ಯಾವ ರೂಪದಲ್ಲೂ ಅಪರಾಧ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮನೋರೋಗಿಗಳನ್ನು ಇರಿಸಿದ್ದ ಆಶ್ರಯತಾಣಕ್ಕೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಜನ ಓಡಲಾಗದೆ ಸುಟ್ಟುಹೋದದ್ದನ್ನು ಈ ಕ್ಷೇತ್ರದಲ್ಲಿ ದುಡಿಯುವ ಯಾರೂ ಮರೆಯುವಂತಿಲ್ಲ.

ಮತ್ತೆ ಆ ಗಂಟು. ಇಂಥವರ ಬಳಿ ಸಾಮಾನ್ಯವಾಗಿ ಒಂದು ಚೀಲವೋ ಗಂಟೋ ಇರುತ್ತದೆ. ಕೊಳಕೆಂದು ಮೊದಲು ಬಿಸಾಡುವುದು ಅದನ್ನೇ. ಅದರೊಳಗೆ ಹಳೆಯ ಆಸ್ಪತ್ರೆ ಚೀಟಿ, ರೈಲು ಟಿಕೆಟ್, ಪಡಿತರ ಚೀಟಿಯ ಚೂರು, ನಂಬರು ಬರೆದ ಸಿಗರೇಟು ಪೊಟ್ಟಣ ಇರಬಹುದು. ಕೈಗವಸು ಹಾಕಿಕೊಂಡು ಅವರ ಎದುರೇ ಬಿಚ್ಚಿ, ಒಂದೊಂದನ್ನೂ ಫೋಟೊ ತೆಗೆದು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವರ ಗುರುತಿನ ಸಂಖ್ಯೆ ಬರೆದು ಇಡಬೇಕು. ಗಂಟು ಕಳೆದುಕೊಂಡ ರೋಗಿ ಅದನ್ನು ಹುಡುಕಿಕೊಂಡೇ ವಾರ್ಡು ಬಿಟ್ಟು ಹೋಗುವುದೂ ಉಂಟು.

ಎರಡು ಮೂರು ವಾರದ ಚಿಕಿತ್ಸೆಯ ಬಳಿಕ ಅನೇಕರು ಮಾತಿಗೆ ಬರುತ್ತಾರೆ. ಹುಬ್ಬಳ್ಳಿ, ವಾಡಿ, ಯಶವಂತಪುರ ಮುಂತಾದ ಜಂಕ್ಷನ್‌ಗಳಲ್ಲಿ ಇಳಿದವರು ಒಡಿಶಾ, ಬಿಹಾರ, ಬಂಗಾಳದವರೂ ಆಗಿರಬಹುದು. ಭಾಷೆ ತಿಳಿಯದಿದ್ದರೆ ಒಂದರಿಂದ ಹತ್ತು ಎಣಿಸಲು ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ, ಆಯಾ ಭಾಷೆಯವರಿಗೆ ಕೇಳಿಸಬೇಕು. ಊರಿನ ಹೆಸರು ಮಾತ್ರ ಕೇಳಿದರೆ ಸಾಲದು, ಒಂದೇ ಹೆಸರಿನ ಹತ್ತು ಊರುಗಳಿವೆ. ಸಂತೆ ಯಾವ ದಿನ, ಹತ್ತಿರದ ರೈಲು ನಿಲ್ದಾಣ ಯಾವುದು, ಠಾಣೆ ಯಾವುದು, ಊರ ಜಾತ್ರೆ ಯಾವ ದೇವರದು, ನದಿ ಯಾವ ಕಡೆ ಎಂದು ಬೇರೆಬೇರೆ ದಿನ ಕೇಳಿ ತಾಳೆ ನೋಡಬೇಕು. ಹೆಣ್ಣುಮಕ್ಕಳು ಒಮ್ಮೆ ತವರಿನ ಹೆಸರನ್ನೂ ಒಮ್ಮೆ ಗಂಡನ ಮನೆಯ ಹೆಸರನ್ನೂ ಹೇಳುತ್ತಾರೆ. ಅದನ್ನು ‘ಮಾತು ಬದಲಿಸುತ್ತಾರೆ’ ಎಂದು ಬರೆಯುವುದು ಅನ್ಯಾಯ. ಆಧಾರ್ ನೋಂದಣಿಗೆ ಪ್ರಯತ್ನಿಸಿದಾಗ ಹಿಂದೆಯೇ ನೋಂದಣಿಯಾಗಿದೆ ಎಂದು ತಿರಸ್ಕೃತವಾದರೆ ಅದೇ ದೊಡ್ಡ ಸುಳಿವು, ಅಲ್ಲಿಂದ ಪ್ರಾಧಿಕಾರದ ಮೂಲಕ ವಿಳಾಸದ ಜಾಡು ಹಿಡಿಯಬಹುದು. ಅಂಗೈ ಒಡೆದು ಬೆರಳಚ್ಚು ಬಾರದವರಿಗೆ ಕಣ್ಣಿನ ಪಾಪೆಯ ಸ್ಕ್ಯಾನ್ ಮಾಡಿಸಬೇಕು. ಪೊಲೀಸರಿಗೆ ಕೊಡುವ ಫೋಟೊ ದಾಖಲಾದ ದಿನದ್ದಾಗದೆ, ಸ್ನಾನ ಊಟವಾಗಿ ಹತ್ತು ದಿನ ಕಳೆದ ಮೇಲಿನದಾಗಿರಲಿ. ಆ ಮುಖವನ್ನು ಮನೆಯವರು ಗುರುತಿಸುತ್ತಾರೆ.

ಈ ಕೆಲಸದಲ್ಲಿ ದೇಶಕ್ಕೆ ಮಾದರಿಗಳಿವೆ. ಮುಂಬೈ ಬಳಿಯ ಕರ್ಜತ್‌ನಲ್ಲಿ ಶ್ರದ್ಧಾ ಪುನರ್ವಸತಿ ಪ್ರತಿಷ್ಠಾನ ಕಟ್ಟಿ ಬೀದಿಯ ಮನೋರೋಗಿಗಳನ್ನು ಮನೆ ಸೇರಿಸಿದ ಡಾ. ಭರತ್ ವಾಟ್ವಾನಿ ಅವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1993ರಲ್ಲಿ ಚೆನ್ನೈನಲ್ಲಿ ಶುರುವಾದ ಬ್ಯಾನಿಯನ್ ಸಂಸ್ಥೆಯ ಅನುಭವದಿಂದ ಕಲಿತು ತಮಿಳುನಾಡು ಸರ್ಕಾರ, ಮನೆಯಿಲ್ಲದ ಮನೋರೋಗಿಗಳಿಗಾಗಿಯೇ ಸರ್ಕಾರಿ ಆಸ್ಪತ್ರೆಗಳಿಗೆ ಹೊಂದಿಕೊಂಡಂತೆ ತುರ್ತು ಆರೈಕೆ ಮತ್ತು ಚೇತರಿಕೆ ಕೇಂದ್ರಗಳನ್ನು ಸ್ವಯಂಸೇವಾ ಸಂಸ್ಥೆಗಳೊಡನೆ ನಡೆಸುತ್ತಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಂದಿನ ಬಳ್ಳಾರಿ ಜಿಲ್ಲೆಯ ಪ್ರಯೋಗದ ಮೂಲಕ ದೇಶಕ್ಕೇ ದಾರಿ ತೋರಿದ ನಮ್ಮ ರಾಜ್ಯಕ್ಕೆ ಇದು ಆಗದ ಕೆಲಸವಲ್ಲ.

ಡಿಸ್ಚಾರ್ಜ್ ದಿನ ಮತ್ತೆ ಅದೇ ಪ್ರಶ್ನೆ ಎದುರಾಗುತ್ತದೆ. ಕೈಗೆ 30 ದಿನದ ಗುಳಿಗೆ, ಇಂಗ್ಲಿಷಿನ ಒಂದು ಚೀಟಿ ಕೊಟ್ಟು ಬಸ್ಸು ಹತ್ತಿಸಿದರೆ 31ನೇ ದಿನ ಔಷಧವಿಲ್ಲ. ಅವರು ಸೇರುವ ಊರಿನ ತಾಲ್ಲೂಕು ಆಸ್ಪತ್ರೆಗೆ ಮೊದಲೇ ಫೋನು ಮಾಡಿ ಅದೇ ಔಷಧ ಅಲ್ಲಿದೆಯೇ ಎಂದು ಕೇಳಬೇಕು. ನಮ್ಮ ತಾಲ್ಲೂಕುಗಳಲ್ಲಿ ಮನೋಚೈತನ್ಯ ಎಂಬ ಮಂಗಳವಾರದ ಮನೋಚಿಕಿತ್ಸಾ ಶಿಬಿರ ಇರುವುದರಿಂದ ಇದು ಕಷ್ಟವಲ್ಲ. ಗುಳಿಗೆ ನುಂಗಿಸುವವರಿಲ್ಲದ ಕಡೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಫ್ಲೂಫೆನಜಿನ್ ಡೆಕನೋಯೇಟ್ ಚುಚ್ಚುಮದ್ದು ಅನುಕೂಲ, ಆದರೆ ಮೊದಲು ಸಣ್ಣ ಪ್ರಮಾಣ ಕೊಟ್ಟು ಮೈ ಬಿಗಿತ ಬರುತ್ತದೆಯೇ ನೋಡಿರಬೇಕು. ಮುಂದಿನ ಸೂಜಿಯ ದಿನಾಂಕ ಚೀಟಿಯಲ್ಲಿ ಅವರ ಭಾಷೆಯಲ್ಲೇ ಇರಬೇಕು. ಕುಟುಂಬಕ್ಕೆ ಮಾಡುವ ಮೊದಲ ಕರೆಯಲ್ಲೇ ‘ಬಂದು ಕರೆದುಕೊಂಡು ಹೋಗಿ’ ಎನ್ನಬಾರದು. ಎಂಟು ಹತ್ತು ವರ್ಷದ ಹಿಂದೆ ಸತ್ತರೆಂದು ತಿಥಿ ಮಾಡಿದ ಮನೆಗಳಿವೆ, ಮರುಮದುವೆಯಾದ ಸಂಗಾತಿಗಳಿದ್ದಾರೆ, ಭಾಗವಾಗಿಹೋದ ಹೊಲಗಳಿವೆ. ಎರಡು ಮೂರು ಸಲ ವಿಡಿಯೊ ಕರೆಯಲ್ಲಿ ಮುಖ ನೋಡಿ ಮಾತಾಡಲು ಬಿಟ್ಟರೆ ಅಂಜಿಕೆ ಕಡಿಮೆಯಾಗುತ್ತದೆ. ರೋಗಿಗೆ ಹೋಗಲು ಮನಸ್ಸಿದೆಯೇ ಎಂದೂ ಕೇಳಬೇಕು. ಕೆಲವರು ಮನೆ ಬಿಟ್ಟದ್ದೇ ಹೊಡೆತ ತಾಳಲಾರದೆ.

ಹೋಗಲು ಮನೆಯಿಲ್ಲದವರನ್ನು ಎಲ್ಲಿಗೆ ಕಳಿಸುವುದು? ಮನೆಯವರು ಒಪ್ಪುವುದಿಲ್ಲ, ಇಲ್ಲವೇ ಮನೆಯೇ ಇಲ್ಲ ಎಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಬಾರದು ಎಂದು 19ನೇ ಸೆಕ್ಷನ್ ಹೇಳುತ್ತದೆ. ಸದ್ಯಕ್ಕೆ ಎಲ್ಲರ ಕೈ ತೋರಿಸುವುದು ನಿರಾಶ್ರಿತರ ಪರಿಹಾರ ಕೇಂದ್ರಗಳ ಕಡೆಗೆ. ಅವು ಇರುವುದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ. ಕಾಯಿಲೆಯವರನ್ನು ಭಿಕ್ಷುಕರೆಂದು ಸೇರಿಸುವುದೇ ತಪ್ಪು. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಕೇಂದ್ರದಲ್ಲಿ ಸಾಲುಸಾಲಾಗಿ ಸಾವು ಸಂಭವಿಸಿದಾಗ ಇಡೀ ರಾಜ್ಯ ತಲೆತಗ್ಗಿಸಿತ್ತು. ಆ ಕಾಯ್ದೆಯ ಹೆಸರಿನಲ್ಲಿ ಆಸ್ತಿ ತೆರಿಗೆಯ ಜೊತೆ ನಾವೆಲ್ಲ 3 ಶೇಕಡ ಭಿಕ್ಷುಕರ ಕರ ಕಟ್ಟುತ್ತಿದ್ದೇವೆ. ನಗರಸಭೆ, ಪಂಚಾಯಿತಿಗಳು ಅದನ್ನು ಪೂರ್ತಿಯಾಗಿ ವರ್ಗಾಯಿಸುವಂತೆ ಮಾಡಿ, ಅದರ ಒಂದು ಪಾಲಿನಿಂದ ಮೇಲೆ ಹೇಳಿದ 248 ಆರೈಕೆದಾರರ ಸಂಬಳವನ್ನೂ, ನಾಲ್ಕೈದು ಜನ ಸೇರಿ ಸಾಮಾನ್ಯ ಬೀದಿಯ ಬಾಡಿಗೆ ಮನೆಯಲ್ಲಿ ಒಬ್ಬ ಆರೈಕೆದಾರರ ನೆರವಿನಿಂದ ಬದುಕುವ ಚಿಕ್ಕ ಮನೆಗಳನ್ನೂ ನಡೆಸಲು ಕಾನೂನಿನ ತಿದ್ದುಪಡಿ ಬೇಕಾದರೆ ಮಾಡಲಿ. ಬಾಡಿಗೆ ಮನೆಯ ಮಾದರಿಯನ್ನು ಬ್ಯಾನಿಯನ್ ಸಂಸ್ಥೆ ನಡೆಸಿ ತೋರಿಸಿದೆ.

ಸಂಪಾದಕರೇ, ತಮ್ಮಲ್ಲೂ ಒಂದು ಕೋರಿಕೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವ ಮನೋರೋಗಿಯ ಫೋಟೊ ಅಥವಾ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕೆ ಕೊಡುವಂತಿಲ್ಲ ಎಂದು 24ನೇ ಸೆಕ್ಷನ್ ಹೇಳುತ್ತದೆ. ಗುಣಮುಖರಾಗಿ ಊರಿಗೆ ಹೋದ ಹೆಣ್ಣುಮಗಳೊಬ್ಬಳ ಹರಿದ ಬಟ್ಟೆಯ ಚಿತ್ರ ಅವಳ ಮಗಳ ಮದುವೆಯ ಮಾತುಕತೆಯ ಹೊತ್ತಿಗೆ ಯಾರದೋ ಫೋನಿನಲ್ಲಿ ತೆರೆದುಕೊಳ್ಳಬಹುದು. ಆ ಎರಡು ಚಿತ್ರಗಳನ್ನು ಬಿಟ್ಟು, ಠಾಣೆಯಲ್ಲಿ ಎಫ್‌ಐಆರ್ ಆಯಿತೇ, ಯಾವ ಆಸ್ಪತ್ರೆಗೆ ಎಷ್ಟು ಗಂಟೆಗೆ ತಲುಪಿದರು, ಒಂದು ತಿಂಗಳ ನಂತರ ಎಲ್ಲಿದ್ದಾರೆ ಎಂದು ತಮ್ಮ ವರದಿಗಾರರು ಕೇಳಿ ಬರೆದರೆ ವ್ಯವಸ್ಥೆ ತಾನಾಗಿ ಚುರುಕಾಗುತ್ತದೆ.

ಓದುಗರು ಇಂಥವರನ್ನು ಕಂಡರೆ 112ಕ್ಕೆ ಕರೆ ಮಾಡಿ, ನಿಖರವಾದ ಜಾಗ ಹೇಳಿ, ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಎಂದು ಹೆಸರಿಸಿ. ಏನು ಮಾಡಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಂಖ್ಯೆ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿ ಮಾತಾಡಬಹುದು. ಪೊಲೀಸರು ಬರುವವರೆಗೆ ಸುತ್ತ ಗುಂಪು ಸೇರಲು ಬಿಡಬೇಡಿ, ನೀರು, ಒಂದು ಬಾಳೆಹಣ್ಣು ಕೊಡಿ. ನೀವಾಗಿ ಹಿಡಿದು ಕೂದಲು ಕತ್ತರಿಸಬೇಡಿ. ಅವರು ಅಲ್ಲಿ ಎಷ್ಟು ದಿನದಿಂದ ಇದ್ದರು, ಯಾವ ಕಡೆಯಿಂದ ಬಂದರು, ಯಾವ ಭಾಷೆ ಆಡುತ್ತಿದ್ದರು ಎಂದು ಪಕ್ಕದ ಚಹಾ ಅಂಗಡಿಯವರಿಗೆ ಗೊತ್ತಿರುತ್ತದೆ. ಅದನ್ನು ಕೇಳಿ ಚೀಟಿಯಲ್ಲಿ ಬರೆದು ಪೇದೆಯ ಕೈಗೆ ಕೊಡಿ. ಅವರ ಗಂಟನ್ನು ಅವರ ಜೊತೆಗೇ ಆಂಬುಲೆನ್ಸಿಗೆ ಹಾಕಿಸಿ.

– ಸರ್ಕಾರಿ ಆಸ್ಪತ್ರೆಗಳ ಮನೋರೋಗ ವಿಭಾಗಗಳಲ್ಲಿ ದುಡಿಯುತ್ತಿರುವ ಕೆಲವು ವೈದ್ಯರು, ಶುಶ್ರೂಷಾ ಅಧಿಕಾರಿಗಳು ಮತ್ತು ಸಮಾಜ ಕಾರ್ಯಕರ್ತರು